ಬಿಸಿಲುಗಾಲದಲ್ಲಿ ಹೃದಯದ ಮಾತ್ರೆ: ನೀರು ಜಾಸ್ತಿ ಕೊಡಬೇಕಾ, ಕಡಿಮೆ ಕೊಡಬೇಕಾ?

ಸಂಪಿಗೆಮರ
ಎಲ್ಲರಿಗೂ ನಮಸ್ಕಾರ. ಅಪ್ಪನಿಗೆ 71 ವರ್ಷ. ಹೃದಯದ ಪಂಪಿಂಗ್ ಕಡಿಮೆ ಇದೆ. ದಿನಕ್ಕೆ ಒಂದೂವರೆ ಲೀಟರ್ ದಾಟಬಾರದು ಅಂತ ಡಾಕ್ಟರ್ ಚಳಿಗಾಲದಲ್ಲಿ ಬರೆದುಕೊಟ್ಟಿದ್ದರು. ಟಾರ್ಸೆಮೈಡ್, ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್, ಬೈಸೊಪ್ರೊಲಾಲ್, ಡಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುತ್ತಾರೆ.

ಈಗ ಬಿಸಿಲು ಏರಿದೆ. ಮಧ್ಯಾಹ್ನ ಮಲಗಿ ಎದ್ದರೆ ತಲೆ ತಿರುಗುತ್ತದೆ ಅಂತಾರೆ. ನಾಲಿಗೆ ಒಣಗಿರುತ್ತದೆ. ಆದರೂ ಇನ್ನೊಂದು ಲೋಟ ನೀರು ಕೊಡೋಕೆ ಕೈ ಬರುತ್ತಿಲ್ಲ. ಕೊಟ್ಟರೆ ಕಾಲು ಊದಿಕೊಂಡು ಏದುಸಿರು ಬಂದರೆ? ಕೊಡದೆ ಕಿಡ್ನಿಗೆ ಏನಾದರೂ ಆದರೆ? ಟಿವಿ ಹಾಕಿದರೆ ‘ನೀರು ಜಾಸ್ತಿ ಕುಡಿಯಿರಿ’, ಚೀಟಿ ನೋಡಿದರೆ ‘ನೀರು ಕಡಿಮೆ ಕುಡಿಯಿರಿ’. ಡಾಕ್ಟರ್ ಅಪಾಯಿಂಟ್‌ಮೆಂಟ್ ಮುಂದಿನ ವಾರ ಇದೆ. ಇಂಥದ್ದನ್ನು ನೋಡಿದವರು ಹೇಗೆ ನಿಭಾಯಿಸುತ್ತೀರಿ, ದಯವಿಟ್ಟು ಹೇಳಿ.

ಸಂಜೆಗಾಳಿ
ನಮ್ಮ ಮನೆಯಲ್ಲೂ ಇದೇ ಪ್ರಶ್ನೆ. ಅತ್ತೆಗೆ ಬೈಪಾಸ್ ಆಗಿದೆ. ಯಾರಾದರೂ ಸರಿಯಾಗಿ ಹೇಳಿದರೆ ನನಗೂ ಉಪಕಾರ.

ನೇರಮಾತು
ಇದರಲ್ಲಿ ಯೋಚನೆ ಮಾಡೋದು ಏನಿದೆ? ಬೆವರಲ್ಲಿ ಹೋದದ್ದನ್ನು ವಾಪಸ್ ಕೊಡಬೇಕು ಅಷ್ಟೇ. ಬಿಸಿಲುಗಾಲದಲ್ಲಿ ಮೂರು ಲೀಟರಿಗೆ ಕಡಿಮೆ ಆಗಬಾರದು. ಜೊತೆಗೆ ದಿನಕ್ಕೆ ಒಂದು ಓಆರ್‌ಎಸ್ ಪ್ಯಾಕೆಟ್ ಕೊಡಿ. ಒಂದೂವರೆ ಲೀಟರ್ ಅನ್ನೋದು ಚಳಿಗಾಲದ ಲೆಕ್ಕ.

ವಾರ್ಡಿನಕ್ಕ
ನೇರಮಾತು ಅವರೇ, ಕೊನೆಯ ವಾಕ್ಯ ಒಪ್ಪುತ್ತೇನೆ. ಅದಕ್ಕಿಂತ ಮೊದಲು ಹೇಳಿದ್ದನ್ನು ಈ ಅಪ್ಪನ ಮೇಲೆ ಯಾರೂ ಪ್ರಯೋಗ ಮಾಡಬೇಡಿ.

ನಾನು ಹೃದಯ ವಿಭಾಗದಲ್ಲಿ ಬಹಳ ಕಾಲ ನರ್ಸ್ ಆಗಿದ್ದವಳು. ಬಿಸಿಲು ಏರಿದಾಗ ಎರಡು ಥರದ ರೋಗಿಗಳು ಬರುತ್ತಾರೆ. ಒಬ್ಬರು ಚೀಟಿಯಲ್ಲಿ ಇದ್ದಷ್ಟೇ ಕುಡಿದು, ಮಾತ್ರೆ ಒಂದನ್ನೂ ಬಿಡದೆ, ಒಣಗಿ ಬಿಪಿ ಬಿದ್ದು ಬಂದವರು. ಇನ್ನೊಬ್ಬರು ಯಾರೋ ಹೇಳಿದರು ಅಂತ ಮೂರು ನಾಲ್ಕು ಲೀಟರ್ ಕುಡಿದು ಶ್ವಾಸಕೋಶದಲ್ಲಿ ನೀರು ತುಂಬಿ ಬಂದವರು. ಇಬ್ಬರಿಗೂ ಸುಸ್ತು ಇರುತ್ತದೆ. ಹೊರಗಿನಿಂದ ನೋಡಿ ಯಾವುದು ಅಂತ ಹೇಳೋದು ಮನೆಯವರಿಗೆ ಕಷ್ಟ. ಅದಕ್ಕೆ ನಾನು ಯಾವಾಗಲೂ ಕೇಳುವ ಮೊದಲ ಪ್ರಶ್ನೆ ತೂಕದ್ದು. ಸಂಪಿಗೆಮರ, ಅಪ್ಪನ ತೂಕ ದಿನಾ ನೋಡುತ್ತಿದ್ದೀರಾ?

ಬೆಳಿಗ್ಗೆ ಎದ್ದು ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮೊದಲು, ಒಂದೇ ಥರದ ಬಟ್ಟೆಯಲ್ಲಿ, ಅದೇ ಯಂತ್ರದ ಮೇಲೆ ನಿಲ್ಲಿಸಿ ಬರೆದಿಡಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ದೇಹದ ಕೊಬ್ಬು ಎರಡು ಮೂರು ದಿನದಲ್ಲಿ ಎರಡು ಕೆಜಿ ಏರೋದೂ ಇಲ್ಲ, ಇಳಿಯೋದೂ ಇಲ್ಲ. ಹಾಗೇನಾದರೂ ಆದರೆ ಅದು ನೀರು. ಮೂರು ದಿನದಲ್ಲಿ ಎರಡು ಕೆಜಿಗಿಂತ ಜಾಸ್ತಿ ಏರಿದರೆ ನೀರು ತುಂಬುತ್ತಿದೆ ಅಂತ ಫೋನ್ ಮಾಡಬೇಕು. ಇದು ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಬಿಸಿಲಲ್ಲಿ ಇಳಿಯೋದೂ ಅಷ್ಟೇ ಮುಖ್ಯ, ಅದನ್ನು ಹೇಳಿಕೊಡೋದು ಕಡಿಮೆ. ಮಾಮೂಲಿ ತೂಕಕ್ಕಿಂತ ಒಂದೂವರೆ ಎರಡು ಕೆಜಿ ಇಳಿದು, ಜೊತೆಗೆ ಎದ್ದರೆ ತಲೆ ತಿರುಗುತ್ತಿದೆ ಅಂದರೆ ಒಣಗಿದ್ದಾರೆ ಅಂತ ಅನುಮಾನ ಪಡಬೇಕು.

ಸಂಪಿಗೆಮರ
ಆಸ್ಪತ್ರೆಯಿಂದ ಬಂದ ಹೊಸದರಲ್ಲಿ ದಿನಾ ನೋಡುತ್ತಿದ್ದೆವು. ಆಮೇಲೆ ಅಪ್ಪನೇ ‘ಸಾಕು’ ಅಂದರು. ಯಂತ್ರ ಮಂಚದ ಕೆಳಗಿದೆ. ನಾಳೆ ಬೆಳಿಗ್ಗೆಯಿಂದ ಶುರು ಮಾಡುತ್ತೇನೆ ಅಕ್ಕ.

ಔಷಧಿಡಬ್ಬಿ
ಫಾರ್ಮಸಿಸ್ಟ್ ಆಗಿ ಒಂದು ಮಾತು ಸೇರಿಸುತ್ತೇನೆ. ಇವರ ಪಟ್ಟಿಯಲ್ಲಿರುವ ಐದೂ ಮಾತ್ರೆ ಬಿಸಿಲಿನ ಜೊತೆ ಏನಾದರೊಂದು ಮಾಡುತ್ತವೆ.

ಟಾರ್ಸೆಮೈಡ್ ನೀರನ್ನೂ ಉಪ್ಪನ್ನೂ ಮೂತ್ರದಲ್ಲಿ ಕಳಿಸುತ್ತದೆ. ಬೆವರು ಕೂಡ ಅದೇ ಎರಡನ್ನು ಕಳಿಸುತ್ತದೆ. ಮಾತ್ರೆಯ ಪ್ರಮಾಣ ನಿಗದಿ ಮಾಡಿದಾಗ ಈ ಬೆವರು ಲೆಕ್ಕದಲ್ಲಿ ಇರಲಿಲ್ಲ. ಡಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರಕ್ಕೆ ಬಿಡುತ್ತದೆ, ಸಕ್ಕರೆ ತನ್ನ ಜೊತೆ ನೀರನ್ನು ಎಳೆದುಕೊಂಡು ಹೋಗುತ್ತದೆ. ಸಕ್ಕರೆ ಕಾಯಿಲೆ ಇಲ್ಲದವರಲ್ಲೂ ಹೀಗೇ.

ರಾಮಿಪ್ರಿಲ್ ಹೃದಯಕ್ಕೂ ಕಿಡ್ನಿಗೂ ಒಳ್ಳೆಯ ಮಾತ್ರೆ. ಆದರೆ ದೇಹ ಒಣಗಿದಾಗ ಕಿಡ್ನಿ ತನ್ನೊಳಗಿನ ಒತ್ತಡ ಕಾಪಾಡಿಕೊಳ್ಳಲು ಬಳಸುವ ಉಪಾಯವನ್ನೇ ಅದು ತಡೆಯುತ್ತದೆ. ಟೆಲ್ಮಿಸಾರ್ಟನ್, ಲೊಸಾರ್ಟನ್ ಥರದ ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಮಾತು. ಕಿಡ್ನಿ ನಿಧಾನವಾದರೆ ಸ್ಪೈರೊನೊಲ್ಯಾಕ್ಟೋನ್ ಮತ್ತು ರಾಮಿಪ್ರಿಲ್ ಎರಡೂ ಸೇರಿ ಪೊಟ್ಯಾಸಿಯಂ ಏರಿಸುತ್ತವೆ. ಪೊಟ್ಯಾಸಿಯಂ ವಿಪರೀತ ಏರಿದರೆ ಹೃದಯದ ಬಡಿತವೇ ತಪ್ಪುತ್ತದೆ. ಅದು ಏರಿದ್ದು ಬಹಳ ಸಲ ರೋಗಿಗೆ ಗೊತ್ತೂ ಆಗುವುದಿಲ್ಲ, ರಕ್ತ ಪರೀಕ್ಷೆಯಲ್ಲಿ ಮಾತ್ರ ಕಾಣುತ್ತದೆ.

ಬೈಸೊಪ್ರೊಲಾಲ್, ಮೆಟೊಪ್ರೊಲಾಲ್ ಥರದ ಬೀಟಾ ಬ್ಲಾಕರ್‌ಗಳು ಬಡಿತವನ್ನು ಹಿಡಿದಿಡುತ್ತವೆ. ಸೆಕೆಯಲ್ಲಿ ಹೃದಯ ಜೋರಾಗಿ ಬಡಿದು ಚರ್ಮಕ್ಕೆ ರಕ್ತ ಕಳಿಸಬೇಕು, ಅಲ್ಲಿಂದ ಶಾಖ ಹೊರಗೆ ಹೋಗಬೇಕು. ಆ ಕೆಲಸಕ್ಕೆ ಇಲ್ಲಿ ಕಡಿವಾಣ ಬೀಳುತ್ತದೆ.

ಇಷ್ಟು ಓದಿ ಯಾರೂ ಹೆದರಿ ಮಾತ್ರೆ ನಿಲ್ಲಿಸಬೇಡಿ. ಬೀಟಾ ಬ್ಲಾಕರ್ ಥಟ್ಟನೆ ನಿಲ್ಲಿಸಿದರೆ ಎದೆನೋವು, ಹಾರ್ಟ್ ಅಟ್ಯಾಕ್ ತನಕ ಹೋಗಬಹುದು. ಬಿಸಿಲು ಬಂತು ಅಂದರೆ ಈ ಪಟ್ಟಿಯನ್ನು ಡಾಕ್ಟರ್ ಇನ್ನೊಮ್ಮೆ ನೋಡಬೇಕು, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಅಂಕಿ), ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಆಗಬೇಕು. ನಾನು ಹೇಳುತ್ತಿರುವುದು ಇಷ್ಟೇ.

ನೇರಮಾತು
ಅಂದರೆ ನಾನು ಹೇಳಿದ್ದೇ ಆಯಿತಲ್ಲ? ಐದೂ ಮಾತ್ರೆ ಒಣಗಿಸುತ್ತವೆ, ಅದಕ್ಕೆ ನೀರು ಕೊಡಿ. ಬಾಯಾರಿಕೆ ಅನ್ನೋದು ದೇಹ ಕೊಡುವ ಸೂಚನೆ. ಅದನ್ನು ಮೀರಿಸಿದ ಡಾಕ್ಟರ್ ಯಾರಿದ್ದಾರೆ?

ಔಷಧಿಡಬ್ಬಿ
ಐದೂ ಒಣಗಿಸುತ್ತವೆ ಅಂತ ನಾನು ಹೇಳಲಿಲ್ಲ ಸರ್. ಇನ್ನೊಮ್ಮೆ ಓದಿ. ಇನ್ನು ಬಾಯಾರಿಕೆ ನಂಬುವಂಥ ಸೂಚನೆ ಅಲ್ಲ, ಅದರಲ್ಲೂ ಈ ರೋಗಿಗಳಲ್ಲಿ. ವಯಸ್ಸಾದವರಲ್ಲಿ ಬಾಯಾರಿಕೆ ಮಂದವಾಗುತ್ತದೆ, ನೀರು ಬೇಕಿದ್ದರೂ ಗೊತ್ತಾಗುವುದಿಲ್ಲ. ಹಾರ್ಟ್ ಫೇಲ್ಯೂರ್, ಅಂದರೆ ಇವರ ಅಪ್ಪನ ಥರ ಹೃದಯದ ಪಂಪಿಂಗ್ ಸಾಲದವರಲ್ಲಿ ಉಲ್ಟಾ: ದೇಹದಲ್ಲಿ ನೀರು ತುಂಬಿದ್ದರೂ ಹಾರ್ಮೋನುಗಳ ಏರುಪೇರಿನಿಂದ ಬಾಯಾರಿಕೆ ಜಾಸ್ತಿ. ಒಬ್ಬರಲ್ಲೇ ಎರಡೂ ಇದ್ದರೆ ಬಾಯಾರಿಕೆ ನೋಡಿ ಏನು ತೀರ್ಮಾನ ಮಾಡುತ್ತೀರಿ?

ಮೂಲೆಮನೆ
ಮೂತ್ರದ ಬಣ್ಣ ನೋಡಿ. ಗಾಢ ಹಳದಿ ಇದ್ದರೆ ನೀರು ಕಡಿಮೆ, ತಿಳಿಯಾಗಿದ್ದರೆ ಸರಿ. ಇದಕ್ಕಿಂತ ಸುಲಭದ ದಾರಿ ಇಲ್ಲ.

ವಾರ್ಡಿನಕ್ಕ
ಮೂಲೆಮನೆಯವರೇ, ಮಾತ್ರೆ ಇಲ್ಲದವರಿಗೆ ಸರಿ. ಟಾರ್ಸೆಮೈಡ್ ಥರದ ನೀರು ಇಳಿಸುವ ಮಾತ್ರೆ ನುಂಗಿದ ಮೇಲೆ ಕೆಲವು ಗಂಟೆ ಮೂತ್ರ ತಿಳಿಯಾಗೇ ಬರುತ್ತದೆ, ಮನುಷ್ಯ ಒಣಗಿದ್ದರೂ. ಅದನ್ನು ನೋಡಿ ‘ಸರಿ ಇದ್ದಾರೆ’ ಅಂತ ಮನೆಯವರು ಸುಮ್ಮನಿದ್ದುಬಿಡುತ್ತಾರೆ. ಡಪಾಗ್ಲಿಫ್ಲೋಜಿನ್, ಅದೇ ಗುಂಪಿನ ಎಂಪಾಗ್ಲಿಫ್ಲೋಜಿನ್ ಇದ್ದರೂ ಬಣ್ಣ ನಂಬಬೇಡಿ.

ಹೊಸದಾರಿ
2025ರಲ್ಲಿ ನೆದರ್ಲೆಂಡ್ಸ್‌ನಿಂದ ಫ್ರೆಶ್-ಅಪ್ ಅಂತ ಒಂದು ಅಧ್ಯಯನ ಬಂತು, ಯಾರಾದರೂ ಓದಿದ್ದೀರಾ? ಸುಮಾರು 500 ಜನ ಹಾರ್ಟ್ ಫೇಲ್ಯೂರ್ ರೋಗಿಗಳು. ಅರ್ಧ ಜನಕ್ಕೆ ದಿನಕ್ಕೆ ಒಂದೂವರೆ ಲೀಟರ್ ಮಿತಿ, ಉಳಿದ ಅರ್ಧಕ್ಕೆ ಮಿತಿಯೇ ಇಲ್ಲ. ಮೂರು ತಿಂಗಳಾದ ಮೇಲೆ ಎರಡೂ ಗುಂಪಿನವರ ಆರೋಗ್ಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಿತಿ ಇದ್ದವರಿಗೆ ಬಾಯಾರಿಕೆಯ ಸಂಕಟ ಮಾತ್ರ ಜಾಸ್ತಿ ಇತ್ತು. ಎಲ್ಲರಿಗೂ ಕಣ್ಣು ಮುಚ್ಚಿ ‘ಒಂದೂವರೆ ಲೀಟರ್’ ಅಂತ ಬರೆಯೋದನ್ನು ಡಾಕ್ಟರುಗಳೂ ಈಗ ಪ್ರಶ್ನಿಸುತ್ತಿದ್ದಾರೆ.

ನೇರಮಾತು
ನೋಡಿ ಮತ್ತೆ!

ಹೊಸದಾರಿ
ತಡೆಯಿರಿ, ಪೂರ್ತಿ ಕೇಳಿ. ಅದರಲ್ಲಿ ಇದ್ದವರು ಸ್ಥಿರವಾಗಿದ್ದ ರೋಗಿಗಳು, ಮನೆಯಲ್ಲಿದ್ದು ಓಡಾಡಿಕೊಂಡಿದ್ದವರು. ಮಿತಿ ಇಲ್ಲ ಅಂದಾಗಲೂ ಅವರು ಮೂರು ಲೀಟರ್ ಕುಡಿಯಲಿಲ್ಲ, ಸರಾಸರಿ ಎರಡು ಲೀಟರ್ ಮುಟ್ಟಲಿಲ್ಲ. ಇವರ ಅಪ್ಪ ಸ್ಥಿರವಾಗಿದ್ದಾರಾ ಇಲ್ಲವಾ ಅಂತ ನಿಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ‘ಅಪ್ಪನಿಗೆ ಈ ಮಿತಿ ಈಗಲೂ ಬೇಕಾ?’ ಅಂತ ಡಾಕ್ಟರನ್ನು ಧೈರ್ಯವಾಗಿ ಕೇಳಬಹುದು ಅನ್ನೋಕೆ ಇದನ್ನು ಹಾಕಿದೆ. ಮಿತಿ ತೆಗೆದುಹಾಕಿ ಅನ್ನೋಕೆ ಅಲ್ಲ.

ಬೆಳಗಿನನಡಿಗೆ
ನನಗೆ ಬರೀ ಬಿಪಿ. ಆಮ್ಲೊಡಿಪಿನ್ ಮತ್ತು ಟೆಲ್ಮಿಸಾರ್ಟನ್. ಬಿಸಿಲುಗಾಲ ಬಂದರೆ ಬಿಪಿ ತಾನಾಗಿಯೇ ಇಳಿಯುತ್ತದೆ. ನಮ್ಮ ಪರಿಚಯದವರೊಬ್ಬರು ಬೇಸಿಗೆ ಮುಗಿಯುವ ತನಕ ಮಾತ್ರೆ ಅರ್ಧ ಮಾಡಿಕೊಳ್ಳುತ್ತಾರೆ. ನಾನೂ ಮಾಡಬಹುದಾ? ಇನ್ನೊಂದು, ಸಂಜೆ ಹೊತ್ತಿಗೆ ಹಿಮ್ಮಡಿ ಹತ್ತಿರ ಊತ ಬರುತ್ತದೆ. ನೀರು ಇಳಿಸುವ ಮಾತ್ರೆ ಬೇಕಾಗುತ್ತದಾ?

ಔಷಧಿಡಬ್ಬಿ
ಬಿಸಿಲಿಗೆ ಬಿಪಿ ಇಳಿಯೋದು ನಿಜ. ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಬೆವರಲ್ಲಿ ಉಪ್ಪೂ ಹೋಗುತ್ತದೆ. ಚಳಿಗಾಲಕ್ಕೆ ಹೋಲಿಸಿದರೆ ಮೇಲಿನ ಅಂಕಿ ಸರಾಸರಿ 5ರಷ್ಟು ಕಡಿಮೆ ಇರುತ್ತದೆ, ಕೆಲವರಲ್ಲಿ ಇನ್ನೂ ಜಾಸ್ತಿ. ಅದಕ್ಕೆ ಡಾಕ್ಟರುಗಳೇ ಪ್ರಮಾಣ ಇಳಿಸುವುದುಂಟು. ಆದರೆ ಪರಿಚಯದವರು ಮಾಡಿದರು ಅಂತ ನೀವು ಮಾಡಬೇಡಿ. ಬೆಳಿಗ್ಗೆ ಸಂಜೆ ಬಿಪಿ ನೋಡಿ ಒಂದು ವಾರ ಬರೆದುಕೊಂಡು ಹೋಗಿ ತೋರಿಸಿ. ಕೆಲವು ಮಾತ್ರೆಗಳನ್ನು ಅರ್ಧ ಮಾಡಲೇಬಾರದು, ನಿಧಾನವಾಗಿ ಬಿಡುಗಡೆಯಾಗುವಂಥವು ತುಂಡಾದರೆ ಔಷಧಿ ಒಮ್ಮೆಲೇ ಹೊರಗೆ ಬರುತ್ತದೆ.

ಹಿಮ್ಮಡಿಯ ಊತ ಆಮ್ಲೊಡಿಪಿನ್‌ನ ಸಾಮಾನ್ಯ ಅಡ್ಡಪರಿಣಾಮ. ಸೆಕೆಗೆ ಅದು ಜಾಸ್ತಿಯಾಗುತ್ತದೆ. ರಕ್ತನಾಳ ಹಿಗ್ಗಿ ನೀರು ಕಾಲಿಗೆ ಇಳಿದಿರುತ್ತದೆ, ದೇಹದಲ್ಲಿ ಒಟ್ಟು ನೀರು ಜಾಸ್ತಿಯಾಗಿದೆ ಅಂತ ಅರ್ಥವಲ್ಲ. ಇದಕ್ಕೆ ನೀರು ಇಳಿಸುವ ಮಾತ್ರೆ ತೆಗೆದುಕೊಂಡರೆ ಊತ ಅಷ್ಟಾಗಿ ಇಳಿಯುವುದಿಲ್ಲ, ನೀವು ಮಾತ್ರ ಒಣಗುತ್ತೀರಿ. ಕಾಲು ಎತ್ತರದಲ್ಲಿಟ್ಟು ಮಲಗಿ. ಊತದ ಜೊತೆ ಏದುಸಿರು ಇದ್ದರೆ, ಮಲಗಿದಾಗ ಉಸಿರು ಕಟ್ಟಿದರೆ, ತೂಕವೂ ಏರುತ್ತಿದ್ದರೆ ಅದು ಬೇರೆ ವಿಷಯ, ಆವತ್ತೇ ತೋರಿಸಬೇಕು.

ವಾರ್ಡಿನಕ್ಕ
ಮನೆಯಲ್ಲಿ ಬಿಪಿ ನೋಡುವವರೆಲ್ಲ ನಿಂತುಕೊಂಡೂ ನೋಡಿ. ಐದು ನಿಮಿಷ ಕೂತು ಅಥವಾ ಮಲಗಿ ಒಂದು ಸಲ. ಎದ್ದು ನಿಂತು ಒಂದು ನಿಮಿಷಕ್ಕೆ ಒಂದು ಸಲ, ಮೂರು ನಿಮಿಷಕ್ಕೆ ಇನ್ನೊಂದು ಸಲ. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಅದು ಲೆಕ್ಕಕ್ಕೆ ಬರುವಂಥ ಇಳಿತ. ಪಕ್ಕದಲ್ಲಿ ಒಬ್ಬರು ಹಿಡಿದುಕೊಂಡು ನಿಂತಿರಬೇಕು. ತಲೆ ತಿರುಗಿದರೆ ಅಲ್ಲಿಗೇ ನಿಲ್ಲಿಸಿ ಕೂರಿಸಿ.

ಸಂಪಿಗೆಮರ
ಅಕ್ಕ, ಈಗ ತಾನೇ ನೋಡಿದೆ. ಕೂತಾಗ 116/72. ನಿಂತು ಒಂದು ನಿಮಿಷಕ್ಕೆ 92/60. ‘ಕಣ್ಣು ಮಬ್ಬಾಗುತ್ತಿದೆ’ ಅಂದರು, ಕೂರಿಸಿಬಿಟ್ಟೆ. ತೂಕವನ್ನೂ ನೋಡಿದೆ, ಕಳೆದ ತಿಂಗಳು ಆಸ್ಪತ್ರೆಯಲ್ಲಿ ಬರೆದದ್ದಕ್ಕಿಂತ ಎರಡು ಕೆಜಿಗೂ ಜಾಸ್ತಿ ಇಳಿದಿದೆ. ಕಾಲಲ್ಲಿ ಊತ ಇಲ್ಲ.

ವಾರ್ಡಿನಕ್ಕ
ಮುಂದಿನ ವಾರದ ತನಕ ಕಾಯಬೇಡಿ. ಈಗಲೇ ಡಾಕ್ಟರಿಗೆ ಫೋನ್ ಮಾಡಿ. ಈ ಎರಡು ಬಿಪಿ ಅಂಕಿ, ಎರಡು ತೂಕ, ಐದು ಮಾತ್ರೆಯ ಹೆಸರು ಮತ್ತು ಪ್ರಮಾಣ, ಇವತ್ತು ಮೂತ್ರ ಎಷ್ಟು ಸಲ ಹೋದರು, ವಾಂತಿ ಭೇದಿ ಇದೆಯಾ ಇಲ್ಲವಾ, ಇಷ್ಟನ್ನು ಒಂದು ಕಾಗದದಲ್ಲಿ ಬರೆದಿಟ್ಟುಕೊಂಡು ಹೇಳಿ. ‘ಅಪ್ಪನಿಗೆ ಸುಸ್ತು’ ಅಂದರೆ ಅಪಾಯಿಂಟ್‌ಮೆಂಟ್ ದಿನ ಬನ್ನಿ ಅಂತಾರೆ. ಈ ಅಂಕಿ ಕೇಳಿದರೆ ಹಾಗೆ ಹೇಳುವುದಿಲ್ಲ. ಅಲ್ಲಿಯ ತನಕ ಒಬ್ಬರೇ ಬಚ್ಚಲಿಗೆ ಹೋಗೋಕೆ ಬಿಡಬೇಡಿ, ತಂಪಾದ ಕೋಣೆಯಲ್ಲಿ ಮಲಗಿಸಿ. ಫೋನಿಗೆ ಯಾರೂ ಸಿಗದಿದ್ದರೆ ಕರೆದುಕೊಂಡೇ ಹೋಗಿ.

ಸಂಜೆಗಾಳಿ
ಹೌದು, ತಡ ಮಾಡಬೇಡಿ. ಏನಾಯಿತು ಅಂತ ಆಮೇಲೆ ಬರೆಯಿರಿ.

ಮೂಲೆಮನೆ
ಅವರು ಫೋನ್ ಮಾಡಿ ಬರಲಿ. ಅಷ್ಟರಲ್ಲಿ ನನ್ನದೊಂದು ಪ್ರಶ್ನೆ. ಓಆರ್‌ಎಸ್ ಯಾಕೆ ಬೇಡ? ಅದು ಮಕ್ಕಳಿಗೂ ಕೊಡುವಂಥದ್ದು ಅಲ್ವಾ?

ಔಷಧಿಡಬ್ಬಿ
ಯಾರಿಗೂ ಬೇಡ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ಸೋಡಿಯಂ ಲೆಕ್ಕ ಹಾಕಿದರೆ ಲೀಟರಿಗೆ ಸುಮಾರು 1.7 ಗ್ರಾಂ. ಇದನ್ನು ಭೇದಿಯಲ್ಲಿ ಹೋದದ್ದನ್ನು ತುಂಬಿಸಲು ಮಾಡಿದ್ದು. ಭೇದಿ ಆದವರಿಗೆ ಇದು ಜೀವ ಉಳಿಸುವ ಔಷಧಿ. ಹಾಗಿಲ್ಲದೆ ಸುಮ್ನೆ ಸೆಕೆ ಅಂತ ಹಾರ್ಟ್ ಫೇಲ್ಯೂರ್ ರೋಗಿಗೆ ದಿನಾ ಒಂದು ಲೀಟರ್ ಕೊಟ್ಟರೆ, ಒಂದು ಕಡೆ ಉಪ್ಪು ಬಿಡಿಸಿ ಇನ್ನೊಂದು ಕಡೆಯಿಂದ ತುಂಬಿಸಿದಂತೆ ಆಗುತ್ತದೆ. ಸ್ಪೈರೊನೊಲ್ಯಾಕ್ಟೋನ್ ಇದ್ದವರಿಗೆ ಪೊಟ್ಯಾಸಿಯಂ ಬೇರೆ ಸೇರುತ್ತದೆ.

ಇನ್ನೊಂದು ಕಡೆಯೂ ಇದೆ. ವಿಪರೀತ ಬೆವರಿದ ಮೇಲೆ ಬರೀ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ಇಳಿಯುತ್ತದೆ. ಹೈಡ್ರೊಕ್ಲೋರೊಥಯಾಜೈಡ್, ಕ್ಲೋರ್ಥ್ಯಾಲಿಡೋನ್ (ಬಿಪಿಗೆ ಕೊಡುವ, ನೀರು ಇಳಿಸುವ ಮಾತ್ರೆಗಳು) ತೆಗೆದುಕೊಳ್ಳುವ ವಯಸ್ಸಾದವರಲ್ಲಿ ಇದು ಮೊದಲೇ ಸುಲಭ. ತಲೆನೋವು, ವಾಕರಿಕೆ, ಮಾತು ತಡವರಿಸೋದು, ಗೊಂದಲ. ಮನೆಯವರು ‘ಬಿಸಿಲು ತಾಗಿದೆ’ ಅಂತ ಇನ್ನೂ ನೀರು ಕುಡಿಸುತ್ತಾರೆ. ನೇರಮಾತು ಸರ್, ನಿಮ್ಮ ಮೂರು ಲೀಟರ್ ಸೂತ್ರಕ್ಕೆ ನಾನು ಬೇಡ ಅನ್ನೋದು ಇದಕ್ಕೇ.

ಕಡಿಮೆ ಸೋಡಿಯಂ ಇರುವ ಉಪ್ಪು ಅಂತ ಮಾರುತ್ತಾರಲ್ಲ, ಅದರಲ್ಲಿ ಸೋಡಿಯಂ ಜಾಗದಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತದೆ. ರಾಮಿಪ್ರಿಲ್, ಸ್ಪೈರೊನೊಲ್ಯಾಕ್ಟೋನ್ ಇರುವ ಮನೆಯಲ್ಲಿ ಡಾಕ್ಟರನ್ನು ಕೇಳದೆ ಅದನ್ನು ಬಳಸಬೇಡಿ.

ನೇರಮಾತು
ಸೋಡಿಯಂ ವಿಷಯ ನನಗೆ ಹೊಸದು. ಒಪ್ಪಿದೆ. ಆದರೂ ಒಂದು ಮಾತು ಹೇಳಲೇಬೇಕು. ಚೀಟಿಯಲ್ಲಿ ಒಂದು ಅಂಕಿ ಬರೆದು ಕಳಿಸಿ, ಬಿಸಿಲು ಬಂದರೆ ಏನು ಮಾಡಬೇಕು ಅಂತ ಒಂದು ಸಾಲು ಬರೆಯದೆ ಇರೋದು ತಪ್ಪು. ಮನೆಯವರು ಯಾರನ್ನು ಕೇಳಬೇಕು? ನಮ್ಮಂಥವರು ಬಾಯಿಗೆ ಬಂದದ್ದು ಹೇಳೋದೂ ಅದಕ್ಕೇ.

ವಾರ್ಡಿನಕ್ಕ
ಈ ಮಾತನ್ನು ನಾನು ನೂರಕ್ಕೆ ನೂರು ಒಪ್ಪುತ್ತೇನೆ. ಆಸ್ಪತ್ರೆಯಿಂದ ಬಿಡುಗಡೆ ಮಾಡುವಾಗಲೇ ಮೂರು ವಿಷಯ ಬರೆಸಿಕೊಳ್ಳಬೇಕು. ಯಾವ ತೂಕಕ್ಕಿಂತ ಮೇಲೆ ಹೋದರೆ ಫೋನ್, ಯಾವ ತೂಕಕ್ಕಿಂತ ಕೆಳಗೆ ಬಂದರೆ ಫೋನ್, ವಾಂತಿ ಭೇದಿ ಜ್ವರ ಬಂದ ದಿನ ಯಾವ ಮಾತ್ರೆ ತಡೆಹಿಡಿಯಬೇಕು. ನೀರು ಇಳಿಸುವ ಮಾತ್ರೆ, ರಾಮಿಪ್ರಿಲ್ ಗುಂಪು, ಡಪಾಗ್ಲಿಫ್ಲೋಜಿನ್ ಗುಂಪು, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್, ಇವನ್ನು ಅಂಥ ದಿನಗಳಲ್ಲಿ ತಾತ್ಕಾಲಿಕವಾಗಿ ನಿಲ್ಲಿಸಲು ಹೇಳುವ ಡಾಕ್ಟರುಗಳಿದ್ದಾರೆ. ಯಾರಿಗೆ ಯಾವುದು, ಎಷ್ಟು ದಿನ, ಮತ್ತೆ ಯಾವಾಗ ಶುರು ಅನ್ನೋದು ರೋಗಿಯಿಂದ ರೋಗಿಗೆ ಬದಲಾಗುತ್ತದೆ. ಅವರು ಬರೆದುಕೊಡದಿದ್ದರೆ ಕೇಳಿ ಬರೆಸಿ. ಸಂಕೋಚ ಪಡಬೇಡಿ.

ತಂತಿಮನೆ
ಪೇಸ್‌ಮೇಕರ್ ಇದ್ದವನು ನಾನು. ಸೆಕೆಗೆ ಅದಕ್ಕೇನೂ ಆಗುವುದಿಲ್ಲ ಅಂತ ಡಾಕ್ಟರ್ ಹೇಳಿದರು, ಅದರ ಬಗ್ಗೆ ನಿಶ್ಚಿಂತೆ. ನನ್ನ ಕಷ್ಟ ಬಡಿತದ ಏರುಪೇರಿಗೆ ಕೊಡುವ ಅಮಿಯೊಡರೋನ್ ಮಾತ್ರೆ. ಸ್ವಲ್ಪ ಹೊತ್ತು ಬಿಸಿಲಲ್ಲಿ ನಿಂತರೆ ಮುಖ, ಕೈ ಉರಿ. ಇದು ಮಾತ್ರೆಯಿಂದಲೇನಾ?

ಔಷಧಿಡಬ್ಬಿ
ಹೌದು, ಅಮಿಯೊಡರೋನ್ ಚರ್ಮವನ್ನು ಬಿಸಿಲಿಗೆ ಬಹಳ ಸೂಕ್ಷ್ಮ ಮಾಡುತ್ತದೆ. ಮಾತ್ರೆ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ ಹಾಗೇ ಇರಬಹುದು, ಅದು ದೇಹದಿಂದ ಹೋಗೋದು ತುಂಬ ನಿಧಾನ. ತುಂಬು ತೋಳು, ಅಗಲ ಅಂಚಿನ ಟೋಪಿ, ಸನ್‌ಸ್ಕ್ರೀನ್ ಮೂರೂ ಬೇಕು. ಕಿಟಕಿ ಗಾಜಿನ ಪಕ್ಕ ಕೂತರೂ ಉರಿಯಬಹುದು.

ಬೆಳಗಿನನಡಿಗೆ
ಎದೆನೋವಿಗೆ ನಾಲಿಗೆ ಅಡಿ ಇಡುವ ನೈಟ್ರೊಗ್ಲಿಸರಿನ್ ಮಾತ್ರೆಯನ್ನು ನನ್ನ ತಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲೇ ಇಟ್ಟಿರುತ್ತಾನೆ, ಬೇಕಾದಾಗ ಸಿಗಲಿ ಅಂತ. ಪರವಾಗಿಲ್ಲವಾ?

ಔಷಧಿಡಬ್ಬಿ
ದಯವಿಟ್ಟು ಇವತ್ತೇ ತೆಗೆಸಿ. ಬಿಸಿಲಲ್ಲಿ ನಿಂತ ಕಾರಿನ ಒಳಗೆ 50 ಡಿಗ್ರಿ ದಾಟುತ್ತದೆ, ಡ್ಯಾಶ್‌ಬೋರ್ಡ್ ಮೇಲೆ ಇನ್ನೂ ಜಾಸ್ತಿ. ನೈಟ್ರೊಗ್ಲಿಸರಿನ್ ಶಾಖಕ್ಕೂ ಬೆಳಕಿಗೂ ಗಾಳಿಗೂ ಸತ್ವ ಕಳೆದುಕೊಳ್ಳುತ್ತದೆ. ಎದೆನೋವು ಬಂದ ಹೊತ್ತಿಗೆ ಮಾತ್ರೆ ಕೆಲಸ ಮಾಡದೆ ಹೋಗಬಹುದು. ಅದು ಬಂದ ಗಾಜಿನ ಸೀಸೆಯಲ್ಲೇ ಇರಲಿ, ಪ್ಲಾಸ್ಟಿಕ್ ಡಬ್ಬಿಗೆ ಹಾಕಬೇಡಿ. ಮೈಗೆ ಅಂಟಿದ ಜೇಬಿನಲ್ಲೂ ಬೇಡ, ಮೈಶಾಖ ತಾಗುತ್ತದೆ. ಸೀಸೆ ತೆರೆದ ದಿನಾಂಕ ಅದರ ಮೇಲೆ ಬರೆದಿಡಿ. ನಾಲಿಗೆ ಅಡಿ ಇಡುವಾಗ ಯಾವಾಗಲೂ ಕೂತುಕೊಂಡೇ ಇಡಬೇಕು, ಸೆಕೆಯಲ್ಲಿ ನಿಂತು ಇಟ್ಟರೆ ಬಿಪಿ ಬಿದ್ದು ಅಲ್ಲೇ ಕುಸಿಯುತ್ತಾರೆ. ಎದೆಗೆ ಅಂಟಿಸುವ ನೈಟ್ರೊಗ್ಲಿಸರಿನ್ ಪಟ್ಟಿ ಇದ್ದವರು ಅದರ ಮೇಲೆ ಬಿಸಿಲು ಬೀಳದಂತೆ ನೋಡಿಕೊಳ್ಳಿ. ಚರ್ಮ ಬಿಸಿಯಾದರೆ ಔಷಧಿ ಬೇಗ ಬೇಗ ಒಳಗೆ ಹೋಗುತ್ತದೆ.

ಉಳಿದ ಮಾತ್ರೆಗಳಿಗೆ ಪೆಟ್ಟಿಗೆ ಮೇಲೆ 25 ಅಥವಾ 30 ಡಿಗ್ರಿ ಅಂತ ಬರೆದಿರುತ್ತದೆ. ಮನೆಯ ತಂಪಾದ, ಒಣಗಿದ ಕಪಾಟು ಸಾಕು. ಒಲೆ ಮೇಲಿನ ಗೂಡು, ಬಚ್ಚಲು ಮನೆ ಎರಡೂ ಬೇಡ. ಬರೆದಿಲ್ಲದಿದ್ದರೆ ಫ್ರಿಜ್ಜಿಗೂ ಹಾಕಬೇಡಿ, ತೇವ ಹಿಡಿಯುತ್ತದೆ.

ಹೊಸದಾರಿ
ಎಲ್ಲರೂ ಕುಡಿಯುವ ನೀರಿನ ಬಗ್ಗೆಯೇ ಜಗಳ ಆಡುತ್ತಿದ್ದೇವೆ. ಮೈ ತಂಪಾಗಿಸಲು ಕುಡಿಯಲೇಬೇಕು ಅಂತಿಲ್ಲ. ನೀರಿನ ಮಿತಿ ಇದ್ದವರಿಗೆ ಹೊರಗಿನಿಂದ ತಂಪು ಮಾಡೋದು ದೊಡ್ಡ ಉಪಾಯ. ಒದ್ದೆ ಬಟ್ಟೆಯಲ್ಲಿ ಕೈ, ಕುತ್ತಿಗೆ, ಕಾಲು ಒರೆಸಿ ಫ್ಯಾನ್ ಹಾಕಿ. ಚರ್ಮದ ಮೇಲಿನ ಆ ನೀರು ಆರುವಾಗ ಬೆವರಿನ ಕೆಲಸವನ್ನೇ ಮಾಡುತ್ತದೆ, ಶಾಖ ಎಳೆದುಕೊಂಡು ಹೋಗುತ್ತದೆ. ದೇಹ ತನ್ನ ನೀರು ಖರ್ಚು ಮಾಡಬೇಕಾಗಿಲ್ಲ. ಬೆವರೇ ಕಡಿಮೆಯಾದರೆ ‘ಎಷ್ಟು ಕುಡಿಯಬೇಕು’ ಅನ್ನೋ ಪ್ರಶ್ನೆಯೂ ಚಿಕ್ಕದಾಗುತ್ತದೆ.

ಆದರೆ ಕೋಣೆ 40 ಡಿಗ್ರಿ ದಾಟಿದ ಮೇಲೆ ಬರೀ ಫ್ಯಾನ್ ಹಾಕಬೇಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಗ ಅದು ಬಿಸಿ ಗಾಳಿಯನ್ನೇ ಮೈಗೆ ಬೀಸುತ್ತದೆ.

ಮೂಲೆಮನೆ
ಇದು ಚೆನ್ನಾಗಿದೆ. ಯಾರೂ ಹೇಳಿರಲಿಲ್ಲ.

ವಾರ್ಡಿನಕ್ಕ
ಬಾಯಿ ಒಣಗೋದಕ್ಕೂ ಉಪಾಯ ಇದೆ. ನೀರು ಬಾಯಿಗೆ ಹಾಕಿ ಮುಕ್ಕಳಿಸಿ ಉಗುಳೋದು, ತುಟಿಗೆ ಒದ್ದೆ ಹತ್ತಿ, ಸಕ್ಕರೆ ಇಲ್ಲದ ಚ್ಯೂಯಿಂಗ್ ಗಮ್. ಐಸ್ ತುಂಡು ಚೀಪಬಹುದು, ಆದರೆ ಕರಗಿದರೆ ಅದೂ ನೀರೇ, ಲೆಕ್ಕಕ್ಕೆ ಸೇರಿಸಿ. ಹಾಲು, ಕಾಫಿ, ಸೂಪ್ ಎಲ್ಲ ಸೇರುತ್ತದೆ. ಬೆಳಿಗ್ಗೆಯೇ ದಿನದ ನೀರನ್ನು ಒಂದು ಬಾಟಲಿಗೆ ತುಂಬಿಟ್ಟರೆ ಲೆಕ್ಕ ಸುಲಭ. ಬೇರೆ ಏನಾದರೂ ಕುಡಿದರೆ ಅಷ್ಟನ್ನು ಬಾಟಲಿಯಿಂದ ತೆಗೆದುಬಿಡಿ.

ಒಂದು ಎಚ್ಚರಿಕೆ. ಮಾತು ತಪ್ಪುತ್ತಿದ್ದರೆ, ಯಾರು ಏನು ಅಂತ ಗೊತ್ತಾಗದಿದ್ದರೆ, ಮೈ ಸುಡುತ್ತಿದ್ದರೆ ಅದು ಬಿಸಿಲಿನ ಹೊಡೆತ. ದೇಹದ ಶಾಖ 40 ಡಿಗ್ರಿ ದಾಟಿರುತ್ತದೆ. ಬೆವರು ಇದ್ದರೂ ಇರಬಹುದು, ‘ಬೆವರುತ್ತಿದ್ದಾರೆ, ಹಾಗಾಗಿ ಅಲ್ಲ’ ಅಂತ ಸುಮ್ಮನಾಗಬೇಡಿ. ಆಂಬುಲೆನ್ಸ್ ಕರೆಯಿರಿ, ಬರುವ ತನಕ ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಲೇ ಇರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬೇಡಿ. ಎದೆನೋವು, ಎಚ್ಚರ ತಪ್ಪೋದು, ಮಲಗೋಕೆ ಆಗದಷ್ಟು ಏದುಸಿರು, ಇವಕ್ಕೂ ಕಾಯಬಾರದು.

ಸಂಪಿಗೆಮರ
ಈಗ ಮನೆಗೆ ಬಂದೆವು. ಫೋನ್‌ನಲ್ಲಿ ಅಂಕಿ ಹೇಳಿದ ತಕ್ಷಣ ಕರೆದುಕೊಂಡು ಬನ್ನಿ ಅಂದರು. ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿದೆ, ಪೊಟ್ಯಾಸಿಯಂ ಕೂಡ ಗಡಿಯ ಹತ್ತಿರ. ಟಾರ್ಸೆಮೈಡ್ ಪ್ರಮಾಣ ಇಳಿಸಿದರು, ಸ್ಪೈರೊನೊಲ್ಯಾಕ್ಟೋನ್ ಸದ್ಯಕ್ಕೆ ನಿಲ್ಲಿಸಿದರು, ನೀರಿನ ಮಿತಿಯನ್ನು ಸ್ವಲ್ಪ ಏರಿಸಿದರು. ಬೀಟಾ ಬ್ಲಾಕರ್ ಮುಟ್ಟಲಿಲ್ಲ. ಕೆಲವು ದಿನದಲ್ಲಿ ಮತ್ತೆ ಪರೀಕ್ಷೆ. ಇದು ನಮ್ಮ ಅಪ್ಪನಿಗೆ ಹೇಳಿದ್ದು, ಯಾರೂ ಇದನ್ನೇ ನೋಡಿ ಮಾಡಬೇಡಿ. ಡಾಕ್ಟರ್ ಇನ್ನೊಂದು ಕೇಳಿದರು, ನೋವಿನ ಮಾತ್ರೆ ಏನಾದರೂ ನುಂಗಿದ್ದಾರಾ ಅಂತ. ಮಂಡಿನೋವಿಗೆ ಅಪ್ಪ ಡೈಕ್ಲೊಫೆನಾಕ್ ನುಂಗುತ್ತಿದ್ದದ್ದು ನಮಗ್ಯಾರಿಗೂ ಗೊತ್ತೇ ಇರಲಿಲ್ಲ!

ಔಷಧಿಡಬ್ಬಿ
ಸಿಕ್ಕಿತು ನೋಡಿ. ನೀರು ಇಳಿಸುವ ಮಾತ್ರೆ, ರಾಮಿಪ್ರಿಲ್ ಗುಂಪು, ಜೊತೆಗೆ ಡೈಕ್ಲೊಫೆನಾಕ್ ಅಥವಾ ಐಬುಪ್ರೊಫೇನ್. ಈ ಮೂರು ಸೇರಿದರೆ ಕಿಡ್ನಿಗೆ ಮೂರು ಕಡೆಯಿಂದ ಪೆಟ್ಟು, ಅದರಲ್ಲೂ ದೇಹ ಒಣಗಿರುವಾಗ. ಹಾರ್ಟ್ ಫೇಲ್ಯೂರ್ ಇದ್ದವರಿಗೆ ಈ ನೋವಿನ ಮಾತ್ರೆಗಳು ಯಾವ ಕಾಲದಲ್ಲೂ ಒಳ್ಳೆಯದಲ್ಲ, ಉಪ್ಪು ನೀರು ಹಿಡಿದಿಡುತ್ತವೆ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಕೊಡುತ್ತಾರೆ. ನೀರಲ್ಲಿ ಹಾಕಿದರೆ ಬುಸ್ಸೆಂದು ಕರಗುವ ಪ್ಯಾರಾಸಿಟಮಾಲ್ ಬೇಡ, ಅಂಥ ಒಂದು ಮಾತ್ರೆಯಲ್ಲೇ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುತ್ತದೆ.

ನೇರಮಾತು
ಒಳ್ಳೆಯದಾಯಿತು ಸಂಪಿಗೆಮರ. ಅಪ್ಪನಿಗೆ ಬೇಗ ಗುಣವಾಗಲಿ. ತೂಕದ ಯಂತ್ರವನ್ನು ಮಂಚದ ಕೆಳಗೆ ಮತ್ತೆ ತಳ್ಳಬೇಡಿ.

ಸಂಜೆಗಾಳಿ
ಅತ್ತೆಯ ಡಬ್ಬಿಯಲ್ಲಿ ಮೂತ್ರಕೋಶದ ಮಾತ್ರೆ ಆಕ್ಸಿಬ್ಯುಟಿನಿನ್, ನಿದ್ದೆಗೆ ಅಮಿಟ್ರಿಪ್ಟಿಲಿನ್ ಅಂತ ಎರಡಿವೆ. ಹೃದಯದ್ದಲ್ಲ, ಬೇರೆ ಡಾಕ್ಟರ್ ಕೊಟ್ಟದ್ದು. ಅವಕ್ಕೂ ಬಿಸಿಲಿಗೂ ಏನಾದರೂ ಸಂಬಂಧ ಇದೆಯಾ?

ಔಷಧಿಡಬ್ಬಿ
ಇದೆ, ಎರಡೂ ಬೆವರನ್ನು ತಡೆಯುತ್ತವೆ. ಬೆವರು ಬರದಿದ್ದರೆ ಮೈಶಾಖ ಹೊರಗೆ ಹೋಗೋದಿಲ್ಲ. ಬಾಯಿಯೂ ಒಣಗುತ್ತದೆ, ಅದನ್ನು ಬಾಯಾರಿಕೆ ಅಂದುಕೊಂಡು ನೀರು ಜಾಸ್ತಿ ಕುಡಿಯುತ್ತಾರೆ. ಹಳೆಯ ಕಾಲದ, ನಿದ್ದೆ ಬರಿಸುವ ನೆಗಡಿ ಮಾತ್ರೆಗಳೂ ಹಾಗೇ. ಇಬ್ಬರು ಡಾಕ್ಟರುಗಳ ಮಾತ್ರೆಯನ್ನೂ ಒಂದೇ ಹಾಳೆಯಲ್ಲಿ ಬರೆದು ಇಬ್ಬರಿಗೂ ತೋರಿಸಿ. ಅಲ್ಲಿಯ ತನಕ ನಿಲ್ಲಿಸಬೇಡಿ, ಅತ್ತೆಯನ್ನು ಮಧ್ಯಾಹ್ನದ ಬಿಸಿಲಿಗೆ ಬಿಡಬೇಡಿ.

ಸಂಜೆಗಾಳಿ
ಸರಿ. ಹೃದಯದ ಡಾಕ್ಟರಿಗೆ ಈ ಎರಡರ ವಿಷಯ ಗೊತ್ತೇ ಇಲ್ಲ. ಹಾಳೆ ಈಗಲೇ ಬರೆಯುತ್ತೇನೆ.